ಹೊಡೆತದ ಗುಳಿ

ಚಾಚಾರ ಬಲಭುಜದ ಹಿಂದೆ, ಮಾಂಸ ತುಂಬಿರಬೇಕಾದ ಜಾಗದಲ್ಲಿ ಒಂದು ಗುಳಿ ಇತ್ತು. ಅವರು ಬೋರಲು ಮಲಗಿದರೆ ಅದರಲ್ಲಿ ಒಂದು ನಿಂಬೆಹಣ್ಣು ಉರುಳದೆ ಕೂರಬಹುದಿತ್ತು. ಎಡಗಡೆಯ ಬೆನ್ನು ದುಂಡಗೆ ತುಂಬಿಕೊಂಡಿತ್ತು. ಬಲಗಡೆ ಮಾತ್ರ ನಾದಿದ ಹಿಟ್ಟನ್ನು ಹೆಬ್ಬೆರಳಿನಿಂದ ಒತ್ತಿದ ಹಾಗೆ ಒಳಗೆ ಹೋಗಿತ್ತು. ಬೆಳಿಗ್ಗೆ ಮೈದಾನಕ್ಕೆ ಬಂದು, ಅಂಗಿ ಕಳಚಿ ನೆಟ್ಟಿನ ಕಂಬಕ್ಕೆ ಸಿಕ್ಕಿಸಿ, ಬನಿಯನ್ನಿನಲ್ಲಿ ನಮ್ಮ ಕಡೆ ಬೆನ್ನು ಮಾಡಿ ನಿಂತಾಗ ಅದು ಚೆನ್ನಾಗಿ ಕಾಣುತ್ತಿತ್ತು. ನಾವು ಆಟ ಬಿಟ್ಟು ಅದನ್ನೇ ನೋಡುತ್ತಿದ್ದೆವು.

ಬ್ಯಾಡಗಿಯಲ್ಲಿ ಅದಕ್ಕೆ ಹೊಡೆತದ ಗುಳಿ ಎಂದು ಹೆಸರು. ವಾಲಿಬಾಲ್ ಆಡುವವನು ವರ್ಷಗಟ್ಟಲೆ ಸ್ಮ್ಯಾಶ್ ಹೊಡೆದೂ ಹೊಡೆದೂ ಭುಜದ ಹಿಂದೆ ಹೀಗೆ ಗುಳಿ ಬೀಳುತ್ತದೆ, ಬಿದ್ದವನೇ ಖರೇ ಹೊಡೆತಗಾರ ಎಂಬುದು ನಮ್ಮ ನಂಬಿಕೆ. ಯಾರು ಮೊದಲು ಹೇಳಿದರೋ ಗೊತ್ತಿಲ್ಲ. ಅದು ನೋಯುವುದಿಲ್ಲ, ಊದುವುದಿಲ್ಲ, ಕೆಂಪಾಗುವುದಿಲ್ಲ. ಅಂಥದ್ದನ್ನು ಕಾಯಿಲೆ ಎಂದು ಯಾರು ತಾನೇ ಅಂದಾರು? ಮುರುಟಿದ ಕಿವಿ ನೋಡಿ ಜನ ಪೈಲ್ವಾನನಿಗೆ ದಾರಿ ಬಿಡುವುದಿಲ್ಲವೇ, ಹಾಗೆ ನಮಗೆ ಈ ಗುಳಿ. ಊರಿನಲ್ಲಿ ಹೊಡೆಯುವ ಹುಡುಗರು ಬೇಕಾದಷ್ಟಿದ್ದರು. ಪೂರಾ ಗುಳಿ ಇದ್ದದ್ದು ಚಾಚಾರಿಗೆ ಒಬ್ಬರಿಗೇ.

ಅವರದು ಕಟಿಂಗ್ ಅಂಗಡಿ. ಮೆಣಸಿನಕಾಯಿ ಮಾರ್ಕೆಟ್ಟಿನ ರಸ್ತೆಯಲ್ಲೇ ಇದ್ದುದರಿಂದ ಸೀಜನ್ನಿನಲ್ಲಿ ಅಂಗಡಿಯೊಳಗೆಲ್ಲ ಘಾಟು. ದಾಡಿ ಮಾಡಿಸಿಕೊಳ್ಳಲು ಕೂತವರು ಕತ್ತಿ ಗಂಟಲ ಮೇಲಿದ್ದಾಗ ಸೀನಿದರೆ ಗತಿಯೇನು? ಅದಕ್ಕೆ ಚಾಚಾ ಒಂದು ಕಾನೂನು ಮಾಡಿದ್ದರು. "ಸೀನು ಬರಾಕತ್ರ ಮೊದ್ಲ ಬೆರಳ ಎತ್ರಿ. ಸೀನಿದ ಮ್ಯಾಲ ಎತ್ತಿದ್ರ ನನ್ನ ಕಡೆ ಔಷಧ ಇಲ್ಲ ಮತ್ತ." ದೊಡ್ಡ ದೊಡ್ಡ ದಲಾಲರೆಲ್ಲ ಮುಖದ ತುಂಬ ನೊರೆ ಮೆತ್ತಿಕೊಂಡು ಶಾಲೆಯ ಮಕ್ಕಳ ಹಾಗೆ ಬೆರಳೆತ್ತುತ್ತಿದ್ದರು.

ಆ ಅಂಗಡಿಯ ಕುರ್ಚಿಗಳು ಮಹಾ ಗಿಡ್ಡ. ಕಾಲುಗಳನ್ನು ಬಡಿಗೇರನ ಕಡೆಯಿಂದ ಕೊಯ್ಯಿಸಿದ್ದರು. ಕೂತರೆ ಮೊಣಕಾಲು ಎದೆಗೆ ಬರುತ್ತಿತ್ತು. "ಚಾಚಾ, ಕಟಿಂಗಿಗೆ ಕರದೀರೋ, ಊಟಕ್ಕ ಕುಂದರ್ಸೀರೋ?" ಎಂದು ಗಿರಾಕಿಗಳು ಕಾಡುತ್ತಿದ್ದರು. "ಎಂಥಾ ದೊಡ್ಡವ್ರ ಬರ್ಲಿ, ನನ್ನ ಮುಂದ ಸಣ್ಣಾವ್ರಾಗಿ ಕುಂದರ್ಲಿ ಅಂತ ಹಂಗ ಮಾಡ್ಸೇನಿ" ಎಂದು ಚಾಚಾ ನಗುತ್ತಿದ್ದರು. ಬಲ ಮೊಳಕೈಯನ್ನು ಪಕ್ಕೆಗೆ ಒತ್ತಿ ಹಿಡಿದೇ ಕತ್ತರಿ ಆಡಿಸುವುದು ಅವರ ರೀತಿ. ಅದೊಂದು ಸ್ಟೈಲು ಎಂದು ಪಕ್ಕದ ಅಂಗಡಿಯ ಹುಡುಗರು ಕಲಿಯಲು ನೋಡಿದ್ದೂ ಉಂಟು.

ಆಟದ ವಿಷಯದಲ್ಲಿ ಅವರು ನಮ್ಮೆಲ್ಲರ ಗುರು. ಸಂಬಳವಿಲ್ಲ, ಸೀಟಿಯಿಲ್ಲ. ಅಂಗಡಿ ತೆರೆಯುವ ಮೊದಲು ಒಂದು ಗಳಿಗೆ, ಸಂಜೆ ಗಿರಾಕಿ ಕಡಿಮೆಯಾದಾಗ ಒಂದು ಗಳಿಗೆ ಮೈದಾನದಲ್ಲಿ ನಿಂತು ಬಯ್ಯುತ್ತಿದ್ದರು, ಅಷ್ಟೇ. "ಹೊಡಿಯೋದು ಕಾಲೋ! ಕೈ ಬರೇ ಪೋಸ್ಟ್‌ಮನ್. ಕಾಲು ಬರದ ಟಪಾಲ ಮುಟ್ಟಿಸಿ ಬರೂದಷ್ಟ ಅದರ ಕೆಲಸ." ಈ ಮಾತನ್ನು ನಾನು ಈಗ ನನ್ನ ಶಾಲೆಯ ಮಕ್ಕಳಿಗೆ ಹೇಳುತ್ತೇನೆ, ಅವರು ಪೋಸ್ಟ್‌ಮನ್ ಅಂದರೆ ಯಾರು ಸರ್ ಎಂದು ಕೇಳುತ್ತಾರೆ.

ಪಂದ್ಯಕ್ಕೆ ಹೋಗುವ ಮುಂಚೆ ಚಾಚಾರ ಕೈಯಲ್ಲಿ ಕಟಿಂಗ್, ಆಮೇಲೆ ತಲೆ-ಭುಜಕ್ಕೆ ಮಾಲೀಶ್ ಮಾಡಿಸಿಕೊಂಡೇ ಹೋಗಬೇಕು ಎಂಬುದು ನಮ್ಮಲ್ಲಿ ರೂಢಿಯಾಗಿತ್ತು. ಕಟಿಂಗ್ ಮುಗಿದ ಮೇಲೆ ಹಿಂದಲೆ ತೋರಿಸಲು ಅವರು ಹಿಡಿಯುವ ಕೈಗನ್ನಡಿಯನ್ನು ನಾವು ಕಸಿದುಕೊಂಡು, ಅಂಗಿ ಕೆಳಗೆಳೆದು, ಗುಳಿ ಬಂತೇನು ಎಂದು ಬೆನ್ನು ನೋಡಿಕೊಳ್ಳುತ್ತಿದ್ದೆವು. ಬೆನ್ನು ಸಪಾಟಾಗಿರುತ್ತಿತ್ತು. ಕನ್ನಡಿ ವಾಪಸು ಕೊಟ್ಟು ಮುಖ ಸಣ್ಣ ಮಾಡಿಕೊಂಡು ಹೊರಡುತ್ತಿದ್ದೆವು.

ಚಾಚಾರ ಹೆಸರು ನಿಂತದ್ದು ರಾಣೆಬೆನ್ನೂರಿನಲ್ಲಿ ನಡೆದ ಒಂದು ಫೈನಲ್ಲಿನ ಮೇಲೆ. ನಾನು ಹುಟ್ಟುವ ಮುಂಚಿನ ಮಾತು. ಅದನ್ನು ಹೇಳುತ್ತಿದ್ದವರು ಚಾಚಾ ಅಲ್ಲ, ಅವತ್ತು ಎದುರು ತಂಡದಲ್ಲಿ ಬ್ಲಾಕ್ ಮಾಡುತ್ತಿದ್ದವರು. ಈಗ ಅವರು ರಾಣೆಬೆನ್ನೂರಿನಲ್ಲಿ ಬೀಜದ ಅಂಗಡಿಯ ಸಾಹುಕಾರರು. ಎಲ್ಲೇ ಪಂದ್ಯವಿದ್ದರೂ ಕಾರು ಮಾಡಿಕೊಂಡು ಬರುತ್ತಿದ್ದರು, ಬಂದ ಕೂಡಲೇ ಆ ಕಥೆ ತೆಗೆಯುತ್ತಿದ್ದರು. "ಕಡೀ ಪಾಯಿಂಟ್. ಚೆಂಡು ಮ್ಯಾಲ ಎದ್ದೈತಿ. ಇಂವಾ ಹಾರಿದ ನೋಡು, ಗರುಡ ಹಾರಿದಂಗ. ನಾವು ಮೂರೂ ಮಂದಿ ಗ್ವಾಡಿಹಂಗ ಎದ್ದ ನಿಂತೇವಿ. ಮುಸುಡಿ ಒಡಿಯೂಹಂಗ ಹೊಡೀತಾನ ಅಂತ ನಾ ಕಣ್ಣ ಮುಚ್ಚಿದೆ. ಕಣ್ಣ ತಗದ್ರ ಚೆಂಡು ನನ್ನ ಹಿಂದ ಮೆತ್ತಗ ಬಿದ್ದೈತಿ! ಬರೇ ಮುಟ್ಟಿ ಬಿಟ್ಟಿದ್ದ. ಅಂಥಾ ಡ್ರಾಪ್ ಯಾರೂ ಹಾಕಿಲ್ಲ, ಹಾಕೂದೂ ಇಲ್ಲ. ಮೋಸ ಹೋಗೂದಿದ್ರ ಇಂಥಾವನ ಕೈಯಾಗ ಮೋಸ ಹೋಗ್ಬೇಕು." ಹೀಗೆ ಹೇಳುವಾಗ ಸೋತವರ ಮುಖ ಗೆದ್ದವರಿಗಿಂತ ಹೆಚ್ಚು ಬೆಳಗುತ್ತಿತ್ತು. ಆ ಪಂದ್ಯದ ನಂತರ ಚಾಚಾ ಆಡಲೇ ಇಲ್ಲ. ಕೀರ್ತಿಯ ತುದಿಯಲ್ಲಿ ನಿಂತು ಆಟ ಬಿಟ್ಟ ಮನುಷ್ಯ ಎಂದು ಜಿಲ್ಲೆಯೆಲ್ಲ ಹೊಗಳುತ್ತಿತ್ತು. ಟೂರ್ನಮೆಂಟುಗಳಲ್ಲಿ ಅವರಿಗೆ ಶಾಲು ಹೊದಿಸುತ್ತಿದ್ದರು.

ಇನ್ನು ನನ್ನ ಕಥೆ. ಆಗ ನನಗೆ ಮೀಸೆ ಚಿಗುರಿ ಕಾಲೇಜು ಮುಗಿಯುವ ಕಾಲ. ತಂಡದ ಮುಖ್ಯ ಹೊಡೆತಗಾರ ನಾನೇ. ನಾನು ಹೊಡೆಯುವುದನ್ನು ಗೆಳೆಯರು ಮೊಬೈಲಿನಲ್ಲಿ ಹಿಡಿದು ರೀಲ್ಸ್ ಮಾಡಿ ಬಿಡುತ್ತಿದ್ದರು. ಹಾವೇರಿಯಲ್ಲಿ ಜಿಲ್ಲಾ ತಂಡದ ಸೆಲೆಕ್ಷನ್ ಇತ್ತು. ಅಲ್ಲಿ ಆಯ್ಕೆಯಾಗಿ ಮೇಲಿನ ಮಟ್ಟದಲ್ಲಿ ಆಡಿದರೆ ಕ್ರೀಡಾ ಕೋಟಾದಲ್ಲಿ ಸರ್ಕಾರಿ ನೌಕರಿ ಎಂದು ಅಪ್ಪ ಲೆಕ್ಕ ಹಾಕಿದ್ದರು. ಮುಂಜಾನೆ ಹೊಡೆದೆ, ಸಂಜೆ ಹೊಡೆದೆ, ಭಾನುವಾರ ಸುತ್ತಲಿನ ಹಳ್ಳಿಗಳ ಟೂರ್ನಮೆಂಟಿನಲ್ಲಿ ಹೊಡೆದೆ. ಆ ಬೇಸಿಗೆಯಲ್ಲಿ ಏಕೋ ಹೊಡೆತ ಸಡಿಲವಾಗುತ್ತಾ ಬಂತು. ಸರ್ವಿಸ್ ನೆಟ್ಟಿಗೆ ಬೀಳತೊಡಗಿತು. ನೋವಿಲ್ಲವಲ್ಲ, ಅಭ್ಯಾಸ ಸಾಲದೆಂದು ಇನ್ನಷ್ಟು ಹೊಡೆದೆ. ಒಂದು ದಿನ ಗೆಳೆಯನೊಬ್ಬ ನನ್ನ ಬೆನ್ನಿನ ಫೋಟೋ ತೆಗೆದು ಕುಣಿಯತೊಡಗಿದ. ಬಲಭುಜದ ಹಿಂದೆ ತೆಳ್ಳಗೆ ನೆರಳಿನಂತೆ ಗುಳಿ! ಅವತ್ತು ಎಲ್ಲರಿಗೂ ಗಿರಮಿಟ್ ಕೊಡಿಸಿದ್ದು ನಾನೇ.

ಸೆಲೆಕ್ಷನ್ನಿಗೆ ಕೆಲವೇ ದಿನ ಇರುವಾಗ ಕಟಿಂಗಿಗೆ ಹೋದೆ. ಗುಳಿಯ ವಿಷಯ ಬಾಯಿಬಿಟ್ಟು ಹೇಳಲಿಲ್ಲ. ಮಾಲೀಶ್ ಮಾಡುವಾಗ ಚಾಚಾರ ಕೈಗೇ ಅದು ಸಿಗಲಿ, ಶಾಬಾಷ್ ಎಂದು ಅವರೇ ಬೆನ್ನು ತಟ್ಟಲಿ ಎಂದು ಕನ್ನಡಿಯಲ್ಲಿ ಅವರ ಮುಖ ನೋಡುತ್ತಾ ಕೂತೆ. ಎಣ್ಣೆಗೈ ನೆತ್ತಿಯಿಂದ ಕುತ್ತಿಗೆಗೆ, ಕುತ್ತಿಗೆಯಿಂದ ಭುಜಕ್ಕೆ ಇಳಿಯಿತು. ಭುಜದ ಹಿಂದೆ ಹೋದದ್ದೇ ನಿಂತುಬಿಟ್ಟಿತು.

"ಯಾವಾಗಿಂದ ಐತೋ ಇದು?"

"ಈಗೀಗ ಕಾಣಾಕತ್ತೇತಿ ಚಾಚಾ. ಹೆಂಗೈತಿ?"

ಅವರು ಎದುರಿಗೆ ಬಂದು, "ಮೊಳಕೈ ಪಕ್ಕಡಿಗೆ ಹಚ್ಚು. ಮುಂಗೈ ಹೊರಗ ದೂಡು, ನನ್ನ ಕೈಗೆ ವಿರುದ್ಧ" ಎಂದು ಎಡಗೈಯ ಎರಡು ಬೆರಳು ಅಡ್ಡ ಹಿಡಿದರು. ನಾನು ದೂಡಿದೆ. ಬೆರಳು ಅಲ್ಲಾಡಲಿಲ್ಲ.

"ಜೋರ್ಲೆ ದೂಡು."

"ಜೋರ್ಲೇನ ದೂಡಾಕತ್ತೇನ್ರಿ."

ಚಾಚಾ ಪಕ್ಕದ ಗಿಡ್ಡ ಕುರ್ಚಿಯಲ್ಲಿ ಕೂತುಬಿಟ್ಟರು. ಗಿರಾಕಿಗಳ ಕುರ್ಚಿಯಲ್ಲಿ ಅವರು ಕೂತದ್ದನ್ನು ನಾನು ಅವತ್ತಿನವರೆಗೆ ಕಂಡಿರಲಿಲ್ಲ.

"ಇನ್ನ ಹೊಡಿಬ್ಯಾಡ. ಸರ್ವಿಸ್ಸೂ ಬ್ಯಾಡ. ನಾಡಿದ್ದ ಹಾವೇರಿ ದವಾಖಾನಿಗೆ ಹೋಗೂಣು."

"ಚಾಚಾ, ಐತವಾರ ಸೆಲೆಕ್ಷನ್ ಐತಿ!"

"ಗೊತ್ತೈತಿ."

ನನಗೆ ಸಿಟ್ಟು ನೆತ್ತಿಗೇರಿತು. "ನಿಮ್ಮ ಬೆನ್ನಾಗೂ ಐತೆಲ್ಲ ಗುಳಿ. ನಿಮಗೇನಾತು?" ಎಂದು ಕೇಳಿದೆ. ಉತ್ತರಕ್ಕೂ ಕಾಯದೆ ಕೊರಳಿನ ಬಟ್ಟೆ ಕಿತ್ತೆಸೆದು ಮನೆಗೆ ಹೋದೆ. ಅಪ್ಪನಿಗೆ ಹೇಳಿದೆ. "ಚಾಚಾಗ ವಯಸ್ಸಾತಪ್ಪ, ಏನರ ಅಂತಾರ. ನೀ ಹೋಗಿ ಆಡು" ಎಂದರು. ಊರಿನಲ್ಲಿ ತನಗೊಬ್ಬನಿಗೇ ಗುಳಿ ಇರಲಿ ಎಂದು ಮುದುಕನಿಗೆ ಆಸೆ ಎಂದು ಗೆಳೆಯರು ನಕ್ಕರು.

ಮರುದಿನ ಬೆಳಿಗ್ಗೆ ರಾಣೆಬೆನ್ನೂರಿನ ಹುಡುಗರೊಂದಿಗೆ ಅಭ್ಯಾಸದ ಪಂದ್ಯವಿತ್ತು. ಸಾಹುಕಾರರೂ ಬಂದಿದ್ದರು. ಮೈದಾನದ ಸುತ್ತ ಸಾಕಷ್ಟು ಜನ. ನಾವು ನೆಟ್ ಬಿಗಿಯುತ್ತಿದ್ದಾಗ ಚಾಚಾ ಬಂದರು. ಎಂದಿನಂತೆ ಅಂಗಿ ಕಳಚಿ ಕಂಬಕ್ಕೆ ಸಿಕ್ಕಿಸಿದರು. ಅವತ್ತು ಬನಿಯನ್ನನ್ನೂ ಕಳಚಿದರು. ಅಂಕಣದ ನಡುವೆ ಬಂದು ನಿಂತು, "ಸಾಹುಕಾರ್ರ, ಒಂದೀಟ ಇಲ್ಲೆ ಬರ್ರಿ" ಎಂದು ಕೂಗಿದರು. ಮೊಳಕೈಯನ್ನು ಪಕ್ಕೆಗೆ ಹಚ್ಚಿ ಮುಂಗೈ ಮುಂದೆ ಚಾಚಿದರು. "ನಾ ಹೊರಗ ದೂಡ್ತೇನಿ. ನೀವು ಒಂದ ಬೆರಳಿಂದ ಒಳಗ ದೂಡ್ರಿ."

ಏನೋ ಶಕ್ತಿ ಪ್ರದರ್ಶನ ಇರಬೇಕು ಎಂದು ಜನ ಸೀಟಿ ಹೊಡೆದರು. "ನನ್ನ ಬೆರಳ ಮುರದ್ರ ದವಾಖಾನಿ ಖರ್ಚ ನಿಂದು ಮತ್ತ" ಎಂದು ಸಾಹುಕಾರರು ನಗುತ್ತಾ ಬೆರಳಿಟ್ಟರು. ಚಾಚಾರ ಕೈ ತೆರೆದ ಬಾಗಿಲಿನಂತೆ ಒಳಗೆ ಹೋಗಿ ಅವರದೇ ಹೊಟ್ಟೆಗೆ ಬಡಿಯಿತು.

"ಏ, ಚಾಷ್ಟಿ ಮಾಡಬ್ಯಾಡೋ."

"ಇನ್ನೊಮ್ಮೆ ದೂಡ್ರಿ."

ಮತ್ತೂ ಹಾಗೇ ಆಯಿತು. ಸಾಹುಕಾರರ ನಗು ನಿಂತಿತು. ಚಾಚಾ ಆ ಕೈಯನ್ನು ತಲೆಯ ಮೇಲೆ ಎತ್ತಲು ನೋಡಿದರು. ಅದು ಭುಜದ ಮಟ್ಟಕ್ಕೆ ಬಂದು ನಡುಗತೊಡಗಿತು. ಚೆಂಡೂ ಇಲ್ಲ, ಏನೂ ಇಲ್ಲ, ಬರೀ ಕೈ. ಹಣೆಯ ಮೇಲೆ ಬೆವರು ಬಂತು. ಎಡಗೈಯಿಂದ ಅದನ್ನು ಹಿಡಿದು ಕೆಳಗಿಳಿಸಿಕೊಂಡರು.

"ಎಲ್ಲಾರೂ ಕೇಳ್ರಿ. ನಾ ಕುರ್ಚಿ ಕಾಲ ಕೊಯ್ಸಿದ್ದು ಮಸ್ಕರಿಗಲ್ಲ. ಕೈ ಮ್ಯಾಲ ಏಳೂದಿಲ್ಲ, ಅದಕ್ಕ ಮಂದೀನ್ನ ಕೆಳಗ ಕುಂದರ್ಸೇನಿ. ಈ ಗುಳಿ ಐತಲ್ಲ, ಇದು ಕಸುವಲ್ಲ. ಕಸುವು ಹೋದ ಜಾಗಾ. ನನಗೊಬ್ಬಗ ಬಂದ ಹಣೇಬರಾ ಅಂತ ತಿಳ್ಕೊಂಡಿದ್ದೆ. ನೀವು ಕೈ ಮುಗಿಯಾಕ ಹತ್ತಿದ್ರಿ, ಹೇಳಾಕ ನಾಚಿಕಿ ಆತು. ನಿನ್ನೆ ಈ ಹುಡುಗನ ಬೆನ್ನಾಗೂ ಕೈಗೆ ಸಿಕ್ಕತು. ಇವನ ಕೈನೂ ನನ್ನ ಕೈಹಂಗ ಸೋಲಾಕತ್ತೇತಿ."

ಚಾಚಾ ಸಾಹುಕಾರರ ಕಡೆ ತಿರುಗಿದರು. ಅವರ ದನಿ ಇಳಿಯಿತು, ಆದರೂ ನಮಗೆಲ್ಲ ಕೇಳುತ್ತಿತ್ತು.

"ಆ ಡ್ರಾಪ್... ನಾ ಹಾಕಿದ್ದಲ್ರೀ ಅದು. ಹೊಡಿಯಾಕಂತನ ಹಾರಿದ್ದೆ, ಇದ್ದಬದ್ದ ಜೀವಾ ಹಾಕಿ. ಕೈ ಬರಲಿಲ್ಲ. ಚೆಂಡು ತಾನ ಬಿತ್ತು."

"ಸುಳ್ಳ ಹೇಳಬ್ಯಾಡ!" ಸಾಹುಕಾರರು ಕೂಗಿದರು.

"ಖರೇ ಹೇಳಾಕತ್ತೇನಿ. ಆಟ ಬಿಟ್ಟಿದ್ದೂ ಅದಕ್ಕ."

ಸಾಹುಕಾರರ ಮುಖ ನೋಡಲಾಗಲಿಲ್ಲ. "ಹಂಗಾರ ನಾ ಸೋತಿದ್ದು ಯಾರಿಗೆ?" ಎಂದರು.

"ನೀವು ಸೋತಿಲ್ರೀ ಸಾಹುಕಾರ್ರ. ನಾ ಗೆದ್ದಿಲ್ಲ."

ಸಾಹುಕಾರರು ಚಹಾವನ್ನೂ ಕುಡಿಯದೆ ಕಾರು ಹತ್ತಿ ಹೋದರು. ಜನ ಒಬ್ಬೊಬ್ಬರಾಗಿ ಚದುರಿದರು. ನಾನು ಅಲ್ಲೇ ನಿಂತಿದ್ದೆ. ನನಗೆ ಅಂದು ಆದದ್ದು ದುಃಖವಲ್ಲ, ನಾಚಿಕೆಯೂ ಅಲ್ಲ, ಬೆರಗು. ಹಿಂದಿನ ದಿನ ನಾನು ಸಿಟ್ಟಿನಲ್ಲಿ ಎಸೆದ ಒಂದು ಪ್ರಶ್ನೆಗೆ ಈ ಮನುಷ್ಯ ಉತ್ತರ ಕೊಡಲು ಬಂದಿದ್ದರು. ನನ್ನೊಬ್ಬನನ್ನೇ ಕರೆದು ಗುಟ್ಟಾಗಿ ಹೇಳಬಹುದಿತ್ತು. ಆದರೆ ಊರು ಆ ಗುಳಿಗೆ ಕೈಮುಗಿಯುತ್ತಿರುವವರೆಗೆ ನನ್ನಂಥವರು ನಂಬುವುದಿಲ್ಲ ಎಂದು ಅವರಿಗೆ ತಿಳಿದಿತ್ತು. ಅದಕ್ಕೇ ತಮ್ಮ ಹೆಸರನ್ನು ತಾವೇ, ಹೆಸರು ಕೊಟ್ಟ ಜನರ ಎದುರಿಗೇ, ಕೆಡವಿ ಹಾಕಿದರು. ಚಾಚಾ ಅಂಗಿ ತೊಡುವಾಗ ಬಲಗೈ ಅದರ ತೋಳಿಗೆ ಸಲೀಸಾಗಿ ಹೋಗುತ್ತಿರಲಿಲ್ಲ. ಇಷ್ಟು ವರ್ಷ ಅದು ನಮ್ಮ ಕಣ್ಣಿಗೆ ಬಿದ್ದಿರಲಿಲ್ಲ. ನಾನು ಹೋಗಿ ತೋಳು ಹಿಡಿದೆ. "ನಾಳೆ ಮುಂಜಾನೆ ಬಸ್ಸಿಗೆ ಬಾ. ಲಗೂ ಬಾ" ಎಂದರು.

ಹಾವೇರಿಯ ಎಲುಬಿನ ಡಾಕ್ಟರು ಒಬ್ಬ ತರುಣಿ. ನನ್ನ ಬೆನ್ನು ನೋಡಿ, ಕೈ ದೂಡಿಸಿ, ಹುಬ್ಬಳ್ಳಿಗೆ ಕಳಿಸಿ ನರದ ಪರೀಕ್ಷೆ ಮಾಡಿಸಿದರು. ಆಮೇಲೆ ನಿಧಾನವಾಗಿ ತಿಳಿಹೇಳಿದರು. ಭುಜದ ಹಿಂದೆ ಎಲುಬಿನ ಸಂದಿನಲ್ಲಿ ಒಂದು ನರ ಹೋಗುತ್ತದೆ. ಮೇಲೆತ್ತಿ ಬೀಸಿ ಹೊಡೆದಾಗಲೆಲ್ಲ ಅದು ಜಗ್ಗುತ್ತದೆ. ಬಿಡುವಿಲ್ಲದೆ ಜಗ್ಗಿದರೆ ನರ ಸೋಲುತ್ತದೆ, ಅದು ನಡೆಸುವ ಮಾಂಸಖಂಡ ಒಣಗುತ್ತದೆ. ನೋವು ಇರಲೇಬೇಕೆಂದಿಲ್ಲ, ಹಾಗಾಗಿ ಎಷ್ಟೋ ಆಟಗಾರರಿಗೆ ಗೊತ್ತೇ ಆಗುವುದಿಲ್ಲ. "ಬೇಗ ಬಂದೀರಿ. ಹೊಡಿಯೋದು ಪೂರ್ತಿ ನಿಲ್ಸಿ, ಹೇಳಿದ ವ್ಯಾಯಾಮ ಮಾಡಿದ್ರ ಕಸುವು ಬರೂ ಸಾಧ್ಯತೆ ಛಲೋ ಐತಿ" ಎಂದರು. ಚಾಚಾರ ಬೆನ್ನನ್ನೂ ತೋರಿಸಿ ಎಂದಾಗ ಚಾಚಾ ಕೈ ಅಡ್ಡ ಹಿಡಿದರು. "ನಂದು ಬಿಡ್ರಿ ಡಾಕ್ಟರ್ ಬಾಯಾರ, ಹಳೇ ಕಥಿ. ಇವಂದು ನೋಡ್ರಿ." ಆಕೆ ಬಿಡಲಿಲ್ಲ. ನೋಡಿ, ಸುಮ್ಮನೆ ಅವರ ಭುಜದ ಮೇಲೆ ಕೈ ಇಟ್ಟರು. ಇಷ್ಟು ವರ್ಷದ ಮೇಲೆ ಅದು ತುಂಬುವುದಿಲ್ಲ ಎಂದು ಚಾಚಾರಿಗೆ ಬೇರೆ ಹೇಳಬೇಕಾಗಿರಲಿಲ್ಲ.

ಭಾನುವಾರ ಸೆಲೆಕ್ಷನ್ ನಾನಿಲ್ಲದೆ ನಡೆಯಿತು. ಅಪ್ಪ ಬಹಳ ದಿನ ನನ್ನೊಡನೆ ನೆಟ್ಟಗೆ ಮಾತಾಡಲಿಲ್ಲ. ನಾನು ದಿನಾ ಚಾಚಾರ ಅಂಗಡಿಗೆ ಹೋಗಿ, ಶಟರಿನ ಕೊಂಡಿಗೆ ಕಟ್ಟಿದ ಸೈಕಲ್ ಟ್ಯೂಬಿನ ಪಟ್ಟಿ ಹಿಡಿದು, ಮೊಳಕೈ ಪಕ್ಕೆಗೊತ್ತಿ ಹೊರಗೆ ಎಳೆಯುತ್ತಿದ್ದೆ. ಸೋಮಾರಿತನ ಮಾಡಿದರೆ ಚಾಚಾ ಗಿರಾಕಿಯ ಕೆನ್ನೆಯಿಂದ ಕತ್ತಿ ತೆಗೆದು ಬಯ್ಯುತ್ತಿದ್ದರು. "ಎಳಿಯೋ! ಅದು ಟ್ಯೂಬ, ನಿಮ್ಮ ಬೀಗ್ರ ಮನಿ ಗಂಟಿ ಅಲ್ಲ, ಮೆಲ್ಲಕ ಬಾರಸಾಕ." ಮೊದಮೊದಲು ಟ್ಯೂಬು ಕದಲುತ್ತಿರಲಿಲ್ಲ. ಮಳೆಗಾಲ ಹೋಗಿ ಚಳಿ ಬರುವ ಹೊತ್ತಿಗೆ ಒಂದು ದಿನ ಅವರು ತಮ್ಮ ಎರಡು ಬೆರಳು ಅಡ್ಡ ಹಿಡಿದರು. ನಾನು ದೂಡಿದೆ, ಬೆರಳು ಸರಿಯಿತು. ಚಾಚಾ ಒಳಗಿನ ಕೋಣೆಗೆ ಹೋದರು. ಹೊರಗೆ ಬಂದಾಗ ಕಣ್ಣು ಕೆಂಪಾಗಿತ್ತು. "ಘಾಟು" ಎಂದರು. ಮೆಣಸಿನಕಾಯಿಯ ಸೀಜನ್ ಇನ್ನೂ ಶುರುವಾಗಿರಲಿಲ್ಲ.

ಆ ಕೈಗನ್ನಡಿಯಲ್ಲಿ ಹುಡುಗರು ಆಮೇಲೂ ಬೆನ್ನು ನೋಡಿಕೊಳ್ಳುತ್ತಿದ್ದರು. ಬೆನ್ನು ಸಪಾಟಾಗಿ ಕಂಡರೆ ಈಗ ಖುಷಿ. ಹೊಡೆಯುವುದಕ್ಕೆ ಚಾಚಾ ಮಿತಿ ಹಾಕಿದರು, ವಾರದಲ್ಲಿ ಕೈಗೆ ಬಿಡುವು ಕೊಡಿಸಿದರು, ಟ್ಯೂಬು ಎಲ್ಲರಿಗೂ ಕಡ್ಡಾಯವಾಯಿತು. ಒಂದು ದಿನ ರಾಣೆಬೆನ್ನೂರಿನ ಇಬ್ಬರು ಹುಡುಗರು ಅಂಗಡಿಗೆ ಬಂದು ಹಿಂಜರಿಯುತ್ತಾ ನಿಂತರು. "ಸಾಹುಕಾರ್ರು ಕಳ್ಸ್ಯಾರ್ರೀ. ಬೆನ್ನು ತೋರ್ಸಿ ಬರ್ರಿ ಅಂದಾರ." ಚಾಚಾ ಆ ದಿನವೆಲ್ಲ ಹಾಡು ಗುನುಗುತ್ತಾ ಕೆಲಸ ಮಾಡಿದರು.

ಆದರೆ ಶಾಲು ಹೊದಿಸುವುದು ನಿಂತಿತು. ಟೂರ್ನಮೆಂಟಿನ ವೇದಿಕೆಗೆ ಬೇರೆಯವರನ್ನು ಕರೆದರು. ಡ್ರಾಪಿನ ಕಥೆ ಹೇಳುವವರು ಯಾರೂ ಉಳಿಯಲಿಲ್ಲ. ಬ್ಯಾಸರ ಇಲ್ಲವೇ ಎಂದು ಒಮ್ಮೆ ಕೇಳಿದೆ. "ಬ್ಯಾಸರಿಲ್ಲ ಅಂದ್ರ ಸುಳ್ಳಾಕ್ಕೈತಿ" ಎಂದರು. ಕತ್ತರಿ ಒರೆಸಿ ಇಟ್ಟರು. "ಆದ್ರ ಆ ಕಥಿ ಹೊತ್ಕೊಂಡು ತಿರಗೂದು ಬಾಳ ಭಾರಿತ್ತೋ. ಈಗ ಹಗೂರಾಗೇನಿ."

ನಾನು ಮತ್ತೆ ಆಡಿದೆ, ಹೊಡೆತಗಾರನಾಗಿ ಅಲ್ಲ, ಹಿಂದಿನ ಸಾಲಿನಲ್ಲಿ ಚೆಂಡು ಎತ್ತಿಕೊಡುವವನಾಗಿ. ಕೋಟಾದ ನೌಕರಿ ಸಿಗಲಿಲ್ಲ. ಓದಿ ಪಿ.ಟಿ. ಮೇಷ್ಟ್ರಾದೆ. ಹೊಸರಿತ್ತಿ ಕಡೆಯ ಒಂದು ಹೈಸ್ಕೂಲಿನಲ್ಲಿದ್ದೇನೆ.

ಹೋದ ವರ್ಷ ಒಂದು ಶುಕ್ರವಾರ ಚಾಚಾ ತೀರಿಕೊಂಡರು. ನಾನು ಹೋಗುವಷ್ಟರಲ್ಲಿ ಶವವಿಟ್ಟ ಜನಾಜಾ ಎತ್ತಲು ಎಲ್ಲ ಸಿದ್ಧವಾಗಿತ್ತು. ಎಲ್ಲರೂ ಹೆಗಲು ಕೊಡುತ್ತಾರೆ. ನಾಲ್ಕು ಹೆಜ್ಜೆಗೆ ಒಬ್ಬ ಸರಿದು ಇನ್ನೊಬ್ಬ ಬರುತ್ತಾನೆ, ಪುಣ್ಯ ಎಲ್ಲರಿಗೂ ಸಿಗಲೆಂದು. ಚಾಚಾರ ಮಗ ನನ್ನನ್ನು ಕಂಡು ಜಾಗ ಬಿಟ್ಟ. ನಾನು ಬಲಹೆಗಲು ಕೊಟ್ಟು, ಬಲಗೈ ಮೇಲೆತ್ತಿ ಹಿಡಿದೆ. ದಾರಿಯ ಅಂಗಡಿಯವರೆಲ್ಲ ಎದ್ದು ನಿಂತಿದ್ದರು. ಸ್ವಲ್ಪ ದೂರ ನಡೆದ ಮೇಲೆ ಹಿಂದಿನಿಂದ ಯಾರೋ, "ಬದಲಿ ಕೊಡ್ರಿ ಸರ್, ಕೈ ಸೋತಿರ್ತೈತಿ" ಎಂದು ಮೆಲ್ಲಗೆ ಹೇಳಿದರು.

"ಸೋತಿಲ್ಲ" ಎಂದೆ. ಖಬರಸ್ತಾನದವರೆಗೂ ಕೈ ಇಳಿಸಲಿಲ್ಲ.